ದುಂಡಗಿನ ಲೂಪ್ ಬಂದಿದೆ ಅಂದಿರಿ, ಮೊದಲು ದಿಕ್ಕು ನೋಡಿ

ನಮಸ್ಕಾರ. ಡಿಸ್ಪ್ರೋಸಿಯಂ ಸ್ಕ್ಯಾಂಡೇಟ್ ಹರಳಿನ ಮೇಲೆ ಸ್ಟ್ರಾನ್ಶಿಯಂ ಟೈಟನೇಟ್ ಫಿಲ್ಮ್ (ತೆಳು ಪದರ) ಬೆಳೆಸಿದ್ದೀರಿ. ಕೆಳಗೊಂದು, ಮೇಲೊಂದು ಎಲೆಕ್ಟ್ರೋಡ್ ಹಾಕಿ ಅಳೆದರೆ ದುಂಡಗಿನ ಲೂಪ್ (ವೋಲ್ಟೇಜ್ ಏರಿಳಿಸಿದಾಗ ಗ್ರಾಫ್‌ನಲ್ಲಿ ಬರುವ ಮುಚ್ಚಿದ ಗೆರೆ) ಬರುತ್ತಿದೆ, ಫೆರೋಎಲೆಕ್ಟ್ರಿಕ್ ಅನ್ನಬಹುದಾ ಅಂತ ಕೇಳಿದ್ದೀರಿ. ಅಂದರೆ ಅದರಲ್ಲಿ ತಾನಾಗಿಯೇ ಧ್ರುವೀಕರಣ (ಪ್ಲಸ್-ಮೈನಸ್ ಚಾರ್ಜ್ ಬೇರೆಯಾಗಿ ನಿಲ್ಲುವುದು) ಇದ್ದು, ವೋಲ್ಟೇಜ್ ಕೊಟ್ಟು ಅದನ್ನು ತಿರುಗಿಸಬಹುದಾ ಅಂತ. ಈಗಲೇ ಅನ್ನಬೇಡಿ. ಆ ಲೂಪ್ ಬಹುಪಾಲು ಲೀಕೇಜ್ (ಕರೆಂಟ್ ಸೋರಿಕೆ) ಅಂತ ನನ್ನ ಅನಿಸಿಕೆ.

ಸ್ಟ್ರಾನ್ಶಿಯಂ ಟೈಟನೇಟ್ ತಾನಾಗಿ ಫೆರೋಎಲೆಕ್ಟ್ರಿಕ್ ಅಲ್ಲ. ಎಷ್ಟು ತಣ್ಣಗೆ ಮಾಡಿದರೂ ಆಗುವುದಿಲ್ಲ. ಅದರ ಯೂನಿಟ್ ಸೆಲ್ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಅತಿ ಚಿಕ್ಕ ಘಟಕ) 3.905 ಆಂಗ್‌ಸ್ಟ್ರಾಂ, ಕೆಳಗಿನ ಹರಳಿನದು ಸುಮಾರು 3.95. ತೆಳು ಫಿಲ್ಮ್ ಆ ದೊಡ್ಡ ಅಳತೆಗೇ ಹೊಂದಿಕೊಂಡು ಕೂರುತ್ತದೆ, ಅಗಲಕ್ಕೆ ಶೇ. 1ರಷ್ಟು ಹಿಗ್ಗುತ್ತದೆ. ಅಷ್ಟರಿಂದಲೇ ಅದು ಕೋಣೆಯ ತಾಪಮಾನದ ಹತ್ತಿರ ಫೆರೋಎಲೆಕ್ಟ್ರಿಕ್ ಆಗುತ್ತದೆ ಅಂತ 2004ರಲ್ಲಿ ಡ್ಯಾರೆಲ್ ಶ್ಲೋಮ್ ಮತ್ತು ಸಂಗಡಿಗರು ತೋರಿಸಿದರು. ಆದರೆ ಅಗಲಕ್ಕೆ ಎಳೆದರೆ ಸೆಲ್‌ನ ನಡುವಿನ ಟೈಟಾನಿಯಂ ಪರಮಾಣು ಸರಿಯುವುದೂ ಅಗಲಕ್ಕೇ. ಹಾಗೆ ಸರಿಯುವುದರಿಂದ ಬರುವ ಧ್ರುವೀಕರಣ ಫಿಲ್ಮ್‌ನಲ್ಲಿ ಅಡ್ಡಡ್ಡ ಮಲಗಿರುತ್ತದೆ. ಮೇಲಿಂದ ಕೆಳಗೆ ವೋಲ್ಟೇಜ್ ಕೊಟ್ಟರೆ ಅದು ತಿರುಗಿ ಕಾಣುವುದಾದರೂ ಹೇಗೆ, ಅಲ್ವಾ?

ಆದ್ದರಿಂದ ಕೆಳಗಿನ ಎಲೆಕ್ಟ್ರೋಡ್ ಇಲ್ಲದ ಇನ್ನೊಂದು ಫಿಲ್ಮ್ ಬೆಳೆಸಿ. ಅದರ ಮೇಲ್ಮೈಯಲ್ಲಿ ಬಾಚಣಿಗೆಯ ಹಲ್ಲಿನಂತೆ ಎದುರುಬದುರು ಎಲೆಕ್ಟ್ರೋಡ್ ಹಾಕಿ ಅಳೆಯಿರಿ. ಮೇಲೆ-ಕೆಳಗೆಯೇ ಅಳೆಯಬೇಕು ಅಂದರೆ ಬೇರಿಯಂ ಟೈಟನೇಟ್ ತಗೊಳ್ಳಿ. ಅದರ ಸೆಲ್ ಈ ಹರಳಿಗಿಂತ ದೊಡ್ಡದು. ಕೂತಾಗ ಅಗಲಕ್ಕೆ ಒತ್ತಿಕೊಂಡು ಧ್ರುವೀಕರಣ ನೆಟ್ಟಗೆ ನಿಲ್ಲುತ್ತದೆ.

ಲೂಪ್ ವಿಷಯಕ್ಕೆ ಬರುತ್ತೇನೆ. 2008ರಲ್ಲಿ ಭೌತಶಾಸ್ತ್ರಜ್ಞ ಜೇಮ್ಸ್ ಸ್ಕಾಟ್ ಬಾಳೆಹಣ್ಣಿನ ಸಿಪ್ಪೆಗೆ ಎಲೆಕ್ಟ್ರೋಡ್ ಹಚ್ಚಿ ಅಳೆದರು. ಚೆಂದದ ಮುಚ್ಚಿದ ಲೂಪ್ ಬಂತು! ಸಿಪ್ಪೆ ಫೆರೋಎಲೆಕ್ಟ್ರಿಕ್ ಅಲ್ಲ, ಸುಮ್ನೆ ಕರೆಂಟ್ ಸೋರುತ್ತಿತ್ತು. ನಿಮ್ಮದನ್ನು ಪರೀಕ್ಷಿಸಲು ಫ್ರೀಕ್ವೆನ್ಸಿ ಬದಲಿಸಿ ನೋಡಿ. ಇಳಿಸಿದಷ್ಟೂ ಲೂಪ್ ಉಬ್ಬುತ್ತಾ ಹೋದರೆ ಲೀಕೇಜ್. ನಿಜವಾದದ್ದಾದರೆ ಎರಡೂ ತುದಿಯಲ್ಲಿ ಚಪ್ಪಟೆಯಾಗಿ ಚೂಪಾಗುತ್ತದೆ. ಪುಂಡ್ (PUND) ಅನ್ನುವ ಪಲ್ಸ್ ಅಳತೆ ಇನ್ನೂ ನಂಬಿಕಸ್ಥ. ಒಂದೇ ದಿಕ್ಕಿನ ಎರಡು ಪಲ್ಸ್ ಕೊಡಿ. ಧ್ರುವೀಕರಣ ತಿರುಗುವುದು ಮೊದಲನೆಯದರಲ್ಲಿ ಮಾತ್ರ, ಸೋರಿಕೆ ಎರಡರಲ್ಲೂ ಇರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದೇ ಅಸಲಿ.

ಲೇಸರ್‌ನಲ್ಲಿ ಬೆಳೆಸಿದ್ದಾದರೆ ಆಕ್ಸಿಜನ್ ಜಾಸ್ತಿ ಕೊಟ್ಟು ನಿಧಾನ ತಣ್ಣಗಾಗಿಸಿ. ಆಕ್ಸಿಜನ್ ಕಡಿಮೆಯಾದ ಜಾಗಗಳೇ ಸೋರಿಕೆಗೆ ದಾರಿ. ನಾನು ಹೀಗೇ ಒಂದು ಲೂಪ್ ನಂಬಿ ಮೂರು ತಿಂಗಳು ಕಳೆದುಕೊಂಡಿದ್ದೇನೆ, ನಿಮಗೆ ಹಾಗಾಗುವುದು ಬೇಡ. ಫಿಲ್ಮ್ ದಪ್ಪವಾದರೂ ಕಷ್ಟ. ಬಿರುಕುಬಿಟ್ಟಂತೆ ಡಿಸ್‌ಲೊಕೇಶನ್ (ಪರಮಾಣುಗಳ ಸಾಲು ತಪ್ಪುವುದು) ಬಂದು ಎಳೆತ ಸಡಿಲಾಗುತ್ತದೆ. ನಿಮ್ಮ ಫಿಲ್ಮ್ ಎಷ್ಟು ನ್ಯಾನೋಮೀಟರ್? ಎಕ್ಸ್‌ರೇಯ ರೆಸಿಪ್ರೋಕಲ್ ಸ್ಪೇಸ್ ಮ್ಯಾಪ್ (ಫಿಲ್ಮ್‌ನ ಮತ್ತು ಕೆಳಗಿನ ಹರಳಿನ ಸೆಲ್ ಅಳತೆ ತೋರಿಸುವ ನಕ್ಷೆ) ಇದ್ದರೆ ಇಲ್ಲೇ ಹಾಕಿ, ಎಳೆತ ಉಳಿದಿದೆಯಾ ಒಟ್ಟಿಗೆ ನೋಡೋಣ.