ಪಡಸಾಲೆ: ಬಿಸಿಲು–ಗಾಳಿ ನೋಡಿ ಮನೆಯ ಸಿಂಗಾರ

ಈ ಸಲ ಆರಿಸಿಕೊಂಡ ಪತ್ರಗಳೆಲ್ಲ ದಾವಣಗೆರೆ, ಚಿತ್ರದುರ್ಗದ ಕಡೆಯವು. ಹೆಚ್ಚಿನವರು ಕೇಳಿರುವುದು ‘ಏನು ಕೊಳ್ಳಲಿ’ ಎಂದು. ನಮ್ಮ ಉತ್ತರಗಳಲ್ಲಿ ಕೊಳ್ಳುವ ಮಾತು ಕೊನೆಗೆ ಬರುತ್ತದೆ. ಬಿಸಿಲು ಯಾವ ಕಿಟಕಿಗೆ ಬೀಳುತ್ತದೆ, ಗೋಡೆ ಒಣಗಿದೆಯೇ ಎನ್ನುವುದು ಮೊದಲು.

ಪ್ರಶ್ನೆ: ನಮ್ಮದು ಮೇಲಿನ ಮಹಡಿ, ತಲೆಯ ಮೇಲೆ ನೇರ ತಾರಸಿ. ಹಾಲಿನ ಪಡುವಣ ಕಿಟಕಿ 5 ಅಡಿ ಅಗಲ, 4 ಅಡಿ ಎತ್ತರ ಇದೆ. ದಪ್ಪನೆಯ ಬ್ಲ್ಯಾಕೌಟ್ ಪರದೆ ಹಾಕಿಸಿದೆವು. ಹಾಲ್ ಕತ್ತಲಾಯಿತೇ ಹೊರತು ತಂಪಾಗಲಿಲ್ಲ. ಬೇಸಿಗೆಗೆ ಯಾವ ಬಟ್ಟೆ, ಯಾವ ಬಣ್ಣ ಒಳ್ಳೆಯದು?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಪರದೆಯ ಬಟ್ಟೆಯಲ್ಲಿ ತಪ್ಪಿಲ್ಲ, ಅದು ಗಾಜಿನ ಒಳಗಡೆ ಇರುವುದೇ ತಪ್ಪು. ಬಿಸಿಲು ಗಾಜು ದಾಟಿ ಬಂದ ಮೇಲೆ ಪರದೆ ಕಾಯುತ್ತದೆ, ಕಾದ ಪರದೆ ಕೋಣೆಯನ್ನು ಕಾಯಿಸುತ್ತದೆ. ಬಿಸಿಲನ್ನು ಹೊರಗೇ ತಡೆಯಬೇಕು. ಸಜ್ಜದ ಅಂಚಿಗೆ ಕೊಕ್ಕೆ ಹಾಕಿಸಿ ಬಿದಿರಿನ ತಟ್ಟಿ ಇಳಿಬಿಡಿ. ಅಗಲ 6 ಅಡಿ ಇರಲಿ, ಎರಡೂ ಪಕ್ಕ ಅರ್ಧರ್ಧ ಅಡಿ ಹೆಚ್ಚು. ಉದ್ದ ಕಿಟಕಿಯ ಕೆಳಗಿನ ಅಂಚಿಗಿಂತ ಒಂದು ಗೇಣು ಕೆಳಗೆ ಬರಲಿ, ಏಕೆಂದರೆ ಸಂಜೆ ನಾಲ್ಕರ ಮೇಲೆ ಬಿಸಿಲು ಓರೆಯಾಗಿ ಕೆಳಗಿನಿಂದಲೇ ನುಗ್ಗುತ್ತದೆ. ತಟ್ಟಿ ಗಾಜಿಗೆ ಅಂಟಿಕೊಂಡಿರಬಾರದು, ನಡುವೆ ಗಾಳಿ ಆಡಬೇಕು. ಕೆಳಗಿನ ಎರಡು ತುದಿಗಳನ್ನು ಗ್ರಿಲ್ಲಿಗೆ ಕಟ್ಟಿಬಿಡಿ. ಏಪ್ರಿಲ್‌ನ ಸಂಜೆ ಮಳೆಗಾಳಿ ಬಂದರೆ ಕಟ್ಟದ ತಟ್ಟಿ ಗಾಜು ಒಡೆಯದೆ ಬಿಡುವುದಿಲ್ಲ. ಬಿದಿರಿನ ಬದಲು ಲಾವಂಚದ ತಟ್ಟಿ ಸಿಕ್ಕರೆ ದಿನಕ್ಕೆ ಮೂರು ಸಲ ನೀರು ಚಿಮುಕಿಸಿ. ಒಣ ಹವೆಯಲ್ಲಿ ನೀರು ಬೇಗ ಆರುವುದರಿಂದಲೇ ತಂಪು. ಜೂನ್ ಹೊತ್ತಿಗೆ ಹವೆಯಲ್ಲಿ ತೇವ ಏರಿದ ಮೇಲೆ ಅದು ಆರುವುದಿಲ್ಲ, ಬೂಷ್ಟು ಹಿಡಿದು ನಾರುತ್ತದೆ. ಬಿಚ್ಚಿ ಒಣಗಿಸಿ ಎತ್ತಿಡಿ.

ತೆಂಕಣ ಕಿಟಕಿ ಇದ್ದರೆ ಅದಕ್ಕೆ ಬೇಸಿಗೆಯಲ್ಲಿ ಖರ್ಚು ಮಾಡಬೇಡಿ. ಏಪ್ರಿಲ್ ಕೊನೆಯ ವಾರ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಒಂದೂವರೆ ಅಡಿಯ ಸಜ್ಜ ಆ ಕಿಟಕಿಗೆ ಸಾಕು. ಡಿಸೆಂಬರ್‌ನಲ್ಲಿ ಅವನು ತೆಂಕಣಕ್ಕೆ ವಾಲಿದಾಗ ಅದೇ ಕಿಟಕಿಯಿಂದ ಎಳೆಬಿಸಿಲು ಒಳಗೆ ಬರುತ್ತದೆ. ಕೂರುವ ಕುರ್ಚಿಯನ್ನು ಚಳಿಗಾಲದಲ್ಲಿ ಅಲ್ಲಿಗೆ ಸರಿಸಿ. ಕಾಸಿಲ್ಲದೆ ಹಾಲಿನ ರೂಪ ಬದಲಾಗುತ್ತದೆ.

ಇನ್ನು ತಾರಸಿ. ಅರಳಿಸಿ, ಒಂದು ರಾತ್ರಿ ಬಿಟ್ಟು ಸೋಸಿದ ಸುಣ್ಣ 5 ಕೆ.ಜಿ.ಗೆ ಬಿಳಿ ಸಿಮೆಂಟ್ 1 ಕೆ.ಜಿ., ಬಡಗಿಗಳು ಬಳಸುವ ಬಿಳಿ ಅಂಟು ಕಾಲು ಕೆ.ಜಿ. ಸೇರಿಸಿ, ನೀರು ಮಜ್ಜಿಗೆಯ ಹದಕ್ಕೆ. ಸುಣ್ಣ ಅರಳುವಾಗ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ಬೇಡ, ಕಣ್ಣಿಗೆ ಕನ್ನಡಕ ಇರಲಿ. ಬಿಸಿಲಿಳಿದ ಮೇಲೆ ತಾರಸಿ ಗುಡಿಸಿ, ನೀರು ಹೊಡೆದು, ಒದ್ದೆ ಇರುವಾಗಲೇ ಎರಡು ಕೈ ಬಳಿಯಿರಿ. ಕಾದ ತಾರಸಿಯ ಮೇಲೆ ಬಳಿದರೆ ಸಿಮೆಂಟಿಗೆ ಬೇಕಾದ ನೀರು ಅಲ್ಲೇ ಹಾರಿಹೋಗಿ, ನಾಲ್ಕೇ ದಿನಕ್ಕೆ ಪುಡಿ ಕಾಲಿಗೆ ಹತ್ತುತ್ತದೆ. ಮಳೆಗೆ ಇದು ತೊಳೆದುಹೋಗುವುದು ಸಹಜ. ಯುಗಾದಿಯ ಆಸುಪಾಸು ವರ್ಷವೂ ಮಾಡುವ ಕೆಲಸ.

ಇಷ್ಟಾದ ಮೇಲೆ ಒಳಗಿನ ಪರದೆಗೆ ತಿಳಿ ಬಣ್ಣದ ಖಾದಿ ಅಥವಾ ಕೈಮಗ್ಗದ ಹತ್ತಿ ಬಟ್ಟೆ ಸಾಕು. ನಿಮ್ಮ ಕಿಟಕಿಗೆ ರಾಡ್ 6 ಅಡಿ. ನೆರಿಗೆ ತುಂಬಿ ಕಾಣಲು ಅದರ ಎರಡರಷ್ಟು, ಅಂದರೆ 12 ಅಡಿ ಅಗಲದ ಬಟ್ಟೆ ಬೇಕು. 48 ಇಂಚು ಪನ್ನದ ಬಟ್ಟೆಯಾದರೆ ಮೂರು ತುಂಡು. ಮಧ್ಯದ ತುಂಡನ್ನು ಉದ್ದಕ್ಕೆ ಸೀಳಿ ಎರಡೂ ಪಕ್ಕಕ್ಕೆ ಹಂಚಿ. ರಾಡನ್ನು ಚೌಕಟ್ಟಿನಿಂದ 6 ಇಂಚು ಮೇಲೆ ಹಾಕಿ, ಪರದೆ ಕೆಳಗೂ 6 ಇಂಚು ಇಳಿದರೆ ಉದ್ದ 60 ಇಂಚು. ಮಡಿಕೆಗೆ 10, ನೀರಿಗೆ ಬಿದ್ದು ಕುಗ್ಗುವುದಕ್ಕೆ 4 ಸೇರಿ ಒಂದು ತುಂಡಿಗೆ 74 ಇಂಚು. ಮೂರಕ್ಕೆ 222 ಇಂಚು, 6 ಮೀಟರ್ ತನ್ನಿ. ರಾತ್ರಿಯಿಡೀ ನೆನೆಸಿ, ಒಣಗಿಸಿ, ಇಸ್ತ್ರಿ ಹೊಡೆದ ಮೇಲೇ ಕತ್ತರಿ ಹಾಕಿ. ಟೈಲರ್ ‘ಏನೂ ಆಗಲ್ಲ ಬಿಡಿ’ ಎಂದರೂ ಕೇಳಬೇಡಿ.

ಪ್ರಶ್ನೆ: ಆಷಾಢದ ಗಾಳಿಗೆ ನಮ್ಮ ತೆಳು ಪರದೆಗಳು ಕಿಟಕಿಯ ಸರಳಿಗೆ ಸಿಕ್ಕಿ ಹರಿಯುತ್ತಿವೆ, ತುಕ್ಕಿನ ಕಲೆ ಬೇರೆ. ಬಾಡಿಗೆ ಮನೆ.
– ಓದುಗರು, ಚಿತ್ರದುರ್ಗ

ಉತ್ತರ: ಜೂನ್‌ನಿಂದ ಆಗಸ್ಟ್‌ವರೆಗೆ ನಿಮ್ಮೂರಲ್ಲಿ ತೆಳು ಪರದೆ ಬೇಡವೇ ಬೇಡ. ಅವನ್ನು ಒಗೆದು ಒಳಗಿಟ್ಟು, ಕಿಟಕಿಯ ಕೆಳಗಿನ ಅರ್ಧಕ್ಕೆ ಮಾತ್ರ ಮೇಲೂ ಕೆಳಗೂ ದಾರದಲ್ಲಿ ಬಿಗಿದ ಅರೆಪರದೆ ಹಾಕಿ. ಗಾಳಿ, ಬೆಳಕು ಮೇಲಿನಿಂದ ಬರುತ್ತವೆ, ಬಟ್ಟೆ ಹಾರುವುದಿಲ್ಲ. ಉದ್ದ ಪರದೆಯೇ ಬೇಕೆಂದರೆ ಕೆಳಗಿನ ಮಡಿಕೆಯ ಮೂಲೆಗಳಲ್ಲಿ ಎರಡೆರಡು ನಾಣ್ಯ ಇಟ್ಟು ಹೊಲಿಯಿರಿ. ನಾಣ್ಯವನ್ನು ಪುಟ್ಟ ಬಟ್ಟೆಚೀಲದಲ್ಲಿ ಹಾಕಿದರೆ ಒಗೆಯುವಾಗ ತೆಗೆಯಬಹುದು. ಸರಳುಗಳನ್ನು ಉಪ್ಪುಕಾಗದದಿಂದ ಉಜ್ಜಿ, ಕೆಂಪು ಪ್ರೈಮರ್ ಒಂದು ಕೈ, ಮೇಲೆ ಎನಾಮಲ್ ಒಂದು ಕೈ. ಪ್ರೈಮರ್ ಬಿಟ್ಟು ನೇರ ಬಣ್ಣ ಹೊಡೆದರೆ ತುಕ್ಕು ಅಡಿಯಿಂದ ಬಣ್ಣವನ್ನೇ ಎತ್ತಿಬಿಡುತ್ತದೆ. ಬಿಳಿ ಹತ್ತಿ ಬಟ್ಟೆಯ ಮೇಲಿನ ತುಕ್ಕಿಗೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಲ್ಲಿಟ್ಟು ತೊಳೆಯಿರಿ. ಬಣ್ಣದ ಬಟ್ಟೆಗೆ ಇದನ್ನು ಮಾಡಿದರೆ ಕಲೆಯ ಜೊತೆ ಬಣ್ಣವೂ ಹೋದೀತು.

ಪ್ರಶ್ನೆ: ಪಡಸಾಲೆಯ ಒಂದು ಗೋಡೆಯಲ್ಲಿ ಬಣ್ಣ ಉಬ್ಬಿ ಉದುರುತ್ತಿದೆ, ಬಿಳಿ ಹಿಟ್ಟಿನಂಥದ್ದು ಬರುತ್ತಿದೆ. ದಸರಾ ಹೊತ್ತಿಗೆ ಅಲ್ಲಿ ವಾಲ್‌ಪೇಪರ್ ಅಂಟಿಸಿ ಮುಚ್ಚಬಹುದೇ?
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಬೇಡ. ಆ ಬಿಳಿ ಹಿಟ್ಟು ಉಪ್ಪು. ಇಟ್ಟಿಗೆ, ಗಾರೆಯೊಳಗಿನ ನೀರು ಮೇಲ್ಮೈಗೆ ಬಂದು ಆರುವಾಗ ಉಪ್ಪನ್ನು ಬಿಟ್ಟು ಹೋಗುತ್ತದೆ, ಅದೇ ಹರಳುಗಟ್ಟಿ ಬಣ್ಣವನ್ನು ಎಬ್ಬಿಸುವುದು. ಕಾಗದ ಅಂಟಿಸಿದರೆ ಅದನ್ನೂ ಎಬ್ಬಿಸುತ್ತದೆ, ಹಿಂದೆ ಕಪ್ಪು ಬೂಷ್ಟು ಬೇರೆ.

ಮೊದಲು ನೀರು ಎಲ್ಲಿಯದೆಂದು ನೋಡಿ. ಉದುರುವ ಬಣ್ಣ ಕೆರೆದ ಜಾಗದಲ್ಲಿ ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಬಿಗಿಯಾಗಿ ಅಂಟಿಸಿ, ಎರಡು ದಿನ ಬಿಡಿ. ಹನಿ ಹಾಳೆಯ ಒಳಮೈಯಲ್ಲಿ, ಗೋಡೆಯ ಕಡೆಗೆ ಕಟ್ಟಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಹಿಂದೆ ಬಚ್ಚಲುಮನೆಯೋ ನಲ್ಲಿಯ ಪೈಪೋ ಇದ್ದರೆ ಮೊದಲ ಅನುಮಾನ ಅದರ ಮೇಲೆ. ಹನಿ ಹೊರಮೈಯಲ್ಲಿ ಮಾತ್ರ ಇದ್ದರೆ ತೇವ ಕೋಣೆಯ ಗಾಳಿಯದು. ಆಗ ಕಿಟಕಿ ತೆರೆದಿಟ್ಟು, ಕಪಾಟನ್ನು ಗೋಡೆಯಿಂದ 3 ಇಂಚು ಈಚೆಗೆ ಎಳೆಯಿರಿ.

ಉಪ್ಪನ್ನು ಒಣ ಬ್ರಷ್‌ನಿಂದಲೇ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಸೇರುತ್ತದೆ. ಸೋರಿಕೆ ನಿಲ್ಲಿಸಿದ ಮೇಲೂ ಗೋಡೆ ಒಣಗಲು ವಾರಗಟ್ಟಲೆ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಹಾಗಾಗಿ ಈ ದಸರೆಗೆ ಪೇಂಟಿನ ಕೆಲಸ ಹಚ್ಚಿಕೊಳ್ಳಬೇಡಿ. ಗೋಡೆಯಿಂದ ಒಂದು ಗೇಣು ಈಚೆ, ತನ್ನ ಕಾಲ ಮೇಲೆ ತಾನೇ ನಿಲ್ಲುವ ಬಿದಿರಿನ ಅಡ್ಡತಟ್ಟಿ ನಿಲ್ಲಿಸಿ, ಚೆಂಡುಹೂವಿನ ಸರಗಳನ್ನು ಅದಕ್ಕೇ ಇಳಿಬಿಡಿ. ಗೋಡೆಗೂ ಗಾಳಿ, ಹಬ್ಬಕ್ಕೂ ಶೋಭೆ.

ಪ್ರಶ್ನೆ: ಅತ್ತೆಯವರ ಕಾಲದ ಮೊಳಕಾಲ್ಮೂರು ರೇಷ್ಮೆ ಸೀರೆ, ಒಡಲು ಮಡಿಕೆಯಲ್ಲಿ ಸೀಳಿದೆ, ಸೆರಗು ಚೆನ್ನಾಗಿದೆ. ದೀಪಾವಳಿಗೆ ಕುಶನ್ ಕವರ್ ಮಾಡಿಸಬಹುದೇ?
– ಓದುಗರು, ಹೊಳಲ್ಕೆರೆ

ಉತ್ತರ: ಮಾಡಿಸಬಹುದು. ಆದರೆ ಮೊದಲೊಂದು ಪರೀಕ್ಷೆ: ಸೆರಗನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆಯಿರಿ. ಸಣ್ಣಗೆ ಚಿರ್ ಎಂದು ಎಳೆ ಬಿಟ್ಟರೆ ಕುಶನ್ ಆಸೆ ಬಿಟ್ಟು ಚೌಕಟ್ಟು ಹಾಕಿಸಿ. ಆಗ ಗಾಜು ರೇಷ್ಮೆಗೆ ತಾಗದಂತೆ ನಡುವೆ ದಪ್ಪ ರಟ್ಟಿನ ಅಂಚು ಇರಬೇಕು, ತಾಗಿದರೆ ಬೆವರು ಕಟ್ಟಿ ಕಲೆಯಾಗುತ್ತದೆ.

ಗಟ್ಟಿಯಿದ್ದರೆ ಲೆಕ್ಕ ಹೀಗೆ. 16 ಇಂಚಿನ ಕವರಿನ ಮುಂಭಾಗಕ್ಕೆ ಹೊಲಿಗೆ ಸೇರಿ 17 ಇಂಚು ಚೌಕ. ಸೀರೆಯ ಅಗಲ 45 ಇಂಚು, ಸೆರಗು 36 ಇಂಚು ಇದ್ದರೆ ನಾಲ್ಕು ಮುಖ ಸಿಗುತ್ತವೆ. ಹಿಂಭಾಗಕ್ಕೆ ರೇಷ್ಮೆ ದಂಡ, ಅದೇ ಬಣ್ಣದ ಹತ್ತಿ ಬಟ್ಟೆ ಸಾಕು. 17ಕ್ಕೆ 12 ಇಂಚಿನ ಎರಡು ತುಂಡು ತೆಗೆದುಕೊಂಡು, ತಲಾ ಒಂದು ಅಂಚನ್ನು ಒಂದು ಇಂಚು ಮಡಚಿ, ಒಂದರ ಮೇಲೊಂದು 5 ಇಂಚು ಬರುವಂತೆ ಇಟ್ಟು ಹೊಲಿದರೆ ಜಿಪ್ ಬೇಕಿಲ್ಲ. ಜಿಪ್ಪಿನ ಹಲ್ಲಿಗೆ ಜರಿ ಸಿಕ್ಕಿದರೆ ಎಳೆ ಎಳೆಯಾಗಿ ಬಂದುಬಿಡುತ್ತದೆ.

ಕತ್ತರಿಸುವ ಮುನ್ನವೇ ರೇಷ್ಮೆಯ ಹಿಂದಕ್ಕೆ ಇಸ್ತ್ರಿಗೆ ಅಂಟುವ ತೆಳು ಕ್ಯಾನ್ವಾಸ್ ಹಾಕಿಸಿ. ಕಡಿಮೆ ಬಿಸಿ, ಮೇಲೊಂದು ಹತ್ತಿ ಬಟ್ಟೆ, ಪೆಟ್ಟಿಗೆಯನ್ನು ಎಳೆದಾಡದೆ ಒತ್ತಿ ಎತ್ತುವುದು. ಇದನ್ನು ಬಿಟ್ಟರೆ ಹೊಲಿಗೆಯ ಪಕ್ಕದಲ್ಲೇ ರೇಷ್ಮೆ ಜಾರಿ ಬಾಯಿ ಬಿಡುತ್ತದೆ. ಒಳಗಿನ ದಿಂಬು 18 ಇಂಚಿನದು ಹಾಕಿ, ಇಲ್ಲವಾದರೆ ಮೂಲೆಗಳು ಸಪ್ಪೆ. ದಿನ ಒರಗುವ ಸೋಫಾಕ್ಕೆ ಇವು ಬೇಡ, ಕಿಟಕಿಯ ಬಿಸಿಲಿಗಂತೂ ಬೇಡವೇ ಬೇಡ. ಹಬ್ಬ ಮುಗಿದ ಮೇಲೆ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಜರಿಗೆ ನುಸಿಗುಳಿಗೆ ತಾಗದಿರಲಿ.

ಪ್ರಶ್ನೆ: ಚಳ್ಳಕೆರೆ ಕಡೆಯ ಕರಿ ಕಂಬಳಿ ಇದೆ. ಚಳಿಗಾಲಕ್ಕೆ ಹಾಲಿನಲ್ಲಿ ನೆಲಕ್ಕೆ ಹಾಸೋಣ ಎಂದರೆ ಮನೆಯ ಹಿರಿಯರು ಒಪ್ಪುತ್ತಿಲ್ಲ.
– ಓದುಗರು, ಹಿರಿಯೂರು

ಉತ್ತರ: ಕಂಬಳಿ ಹಾಸಿ ಗದ್ದಿಗೆ ಹೂಡುವ ಮನೆಗಳಲ್ಲಿ ಅದನ್ನು ತುಳಿಯುವುದು ಮನಸ್ಸಿಗೆ ಬರುವುದಿಲ್ಲ, ಹಿರಿಯರ ಮಾತು ನಡೆಯಲಿ. ಗೋಡೆಗೆ ತೂಗಿದರೆ ಅದು ಇನ್ನೂ ಚೆಂದ. ತಿಳಿ ಗೋಡೆಯ ಮೇಲೆ ಕರಿ ಉಣ್ಣೆಗೆ ಬೇರೆ ಅಲಂಕಾರವೇ ಬೇಡ. ಮೊಳೆ ಹೊಡೆದು ತೂಗಬೇಡಿ, ಒಂದೆರಡು ತಿಂಗಳಲ್ಲಿ ಅದರ ಭಾರಕ್ಕೇ ಮೊಳೆಯ ಸುತ್ತ ನೇಯ್ಗೆ ಜಗ್ಗುತ್ತದೆ. ಹಿಂಭಾಗದ ಮೇಲಂಚಿಗೆ 4 ಇಂಚು ಅಗಲದ ಹತ್ತಿ ಪಟ್ಟಿಯನ್ನು ತೋಳಿನಂತೆ ಕೈಹೊಲಿಗೆ ಹಾಕಿ, ಒಳಗೆ ಒಂದು ಇಂಚಿನ ಮರದ ಕೋಲು ತೂರಿಸಿ, ಕೋಲಿನ ಎರಡು ತುದಿ ಕೊಕ್ಕೆಗೆ ಕೂರಲಿ. ಭಾರ ಉದ್ದಕ್ಕೂ ಹಂಚಿಹೋಗುತ್ತದೆ. ತಿಂಗಳಿಗೊಮ್ಮೆ ಇಳಿಸಿ ಕೊಡವಿ ಎರಡು ತಾಸು ಬಿಸಿಲಿಗೆ ಹಾಕಿ. ಉಣ್ಣೆಯ ಹುಳ ಮೊಟ್ಟೆಯಿಡುವುದು ಯಾರೂ ಮುಟ್ಟದ ಹಿಂಬದಿಯಲ್ಲಿ.

ಪ್ರಶ್ನೆ: ಶೇಡ್ ಕಾರ್ಡಿನಲ್ಲಿ ತಿಳಿ ಹಳದಿ ಇದ್ದದ್ದು ರಾತ್ರಿ ಗೋಡೆಯ ಮೇಲೆ ಹಸಿರು ಹೊಡೆಯುತ್ತದೆ.
– ಓದುಗರು, ಹರಿಹರ

ಉತ್ತರ: ನಿಮ್ಮ ಟ್ಯೂಬ್‌ಲೈಟಿನ ಕೆಲಸ ಅದು. ಡಬ್ಬಿಯ ಮೇಲೆ 6500 ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಎಂದಿದ್ದರೆ ನೀಲಿ ಕಡೆಗೆ ವಾಲಿದ ಬೆಳಕು. 3000 ಕೆ ಬಲ್ಬ್ ಹಾಕಿ ನೋಡಿ, ಮತ್ತೆ ಬಣ್ಣ ಹೊಡೆಸುವ ಖರ್ಚು ಉಳಿಯಬಹುದು. ಮುಂದಿನ ಸಲ ಎರಡು ಬೇರೆ ಗೋಡೆಗಳ ಮೇಲೆ ಎರಡೆರಡು ಅಡಿ ಚೌಕ ಬಳಿಸಿ, ಬೆಳಿಗ್ಗೆ, ಸಂಜೆ, ದೀಪದಲ್ಲಿ ನೋಡಿ ಆಮೇಲೆ ಡಬ್ಬಿ ತನ್ನಿ.

ಪ್ರಶ್ನೆ: ಮನಿ ಪ್ಲಾಂಟಿನ ಎಲೆಗಳ ಮೇಲೆ ಬಿಳಿ ಚುಕ್ಕೆ. ರೋಗವೇ?
– ಓದುಗರು, ಚಿತ್ರದುರ್ಗ

ಉತ್ತರ: ಉಗುರಿನಿಂದ ಕೆರೆದರೆ ಪುಡಿಯಾಗಿ ಬಂದರೆ ಬೋರ್‌ವೆಲ್ ನೀರಿನ ಗಡಸುತನ. ಒಂದು ಲೋಟ ನೀರಿಗೆ ನಾಲ್ಕು ಹನಿ ನಿಂಬೆರಸ ಹಾಕಿ, ಬಟ್ಟೆ ಅದ್ದಿ ಒರೆಸಿ. ಎಲೆಗೆ ನೀರು ಚಿಮುಕಿಸುವುದನ್ನು ಬಿಡಿ, ಬುಡಕ್ಕೆ ಹಾಕಿ.