ಟೀವಿ ಕೋರ್ಟಿನ ಕಟ್ಟೆ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಹೋದ ಸಂಚಿಕೆಯಲ್ಲಿ ಕೊರಿಯಾ, ಜಪಾನ್ ಕಡೆಯ ಕೊಲೆ-ಕೋರ್ಟು ಧಾರಾವಾಹಿಗಳನ್ನು ಹೊಗಳಿ ಬರೆದಿದ್ದೆ. ಪತ್ರಗಳು ಜಾಸ್ತಿಯೇ ಬಂದವು, ಅರ್ಧ ಬೈಗುಳ. ಉಳಿದವಕ್ಕೆ ಇಲ್ಲಿ ಉತ್ತರ.

'ಸ್ಟ್ರೇಂಜರ್' ನೋಡಿ ಅಂದಿರಿ, ನೋಡ್ತಾ ಇದ್ದೇನೆ. ಆ ಪ್ರಾಸಿಕ್ಯೂಟರ್ ಕೊಲೆಯಾದ ಮನೆಗೆಲ್ಲ ಯಾಕೆ ನುಗ್ತಾನೆ? ಅದು ಪೊಲೀಸರ ಕೆಲಸ ಅಲ್ವಾ?
(ಗೃಹಿಣಿ, ಬದಿಯಡ್ಕ)

ನಮ್ಮಲ್ಲಿ ಹೌದು ಅಕ್ಕಾ. ಇಲ್ಲಿ ತನಿಖೆ ಪೊಲೀಸರದು, ಚಾರ್ಜ್‌ಶೀಟ್ ಹಾಕುವವರೂ ಅವರೇ. ಸರ್ಕಾರಿ ವಕೀಲರ ಕೆಲಸ ಕೋರ್ಟಿನೊಳಗೆ. ಕೊರಿಯಾದಲ್ಲಿ ತನಿಖೆಯ ಹಗ್ಗ ಬಹಳ ಕಾಲ ಪ್ರಾಸಿಕ್ಯೂಟರ್ ಕೈಯಲ್ಲೇ ಇತ್ತು, ಪೊಲೀಸರು ಅವರು ಹೇಳಿದಂತೆ ಓಡಬೇಕಿತ್ತು. ಯಾರ ಮೇಲೆ ಕೇಸು ಹಾಕಬೇಕು, ಯಾರನ್ನು ಬಿಡಬೇಕು ಎಂಬುದೂ ಅವರದೇ ತೀರ್ಮಾನ. ಇದು ಗೊತ್ತಾದರೆ ಅಲ್ಲಿನ ಎಲ್ಲ ಧಾರಾವಾಹಿಗಳಲ್ಲೂ ಕಳ್ಳ ಪ್ರಾಸಿಕ್ಯೂಟರ್ ಒಬ್ಬ ಯಾಕೆ ಇರುತ್ತಾನೆ ಎಂಬುದೂ ಗೊತ್ತಾಗುತ್ತದೆ. 2017ರ ಮೊದಲ ಸೀಸನ್‌ನಲ್ಲಿ ಕೊಲೆಗಾರ ಯಾರು ಎಂಬುದಕ್ಕಿಂತ ಈ ಕಚೇರಿಯೊಳಗೆ ಯಾರು ಯಾರ ಋಣದಲ್ಲಿದ್ದಾರೆ ಎಂಬುದೇ ದೊಡ್ಡ ಒಗಟು. 2020ರ ಎರಡನೇ ಸೀಸನ್ ಪೂರ್ತಿ ಪೊಲೀಸರಿಗೂ ಪ್ರಾಸಿಕ್ಯೂಟರುಗಳಿಗೂ ತನಿಖೆಯ ಅಧಿಕಾರಕ್ಕಾಗಿ ಜಗಳ. ಮರುವರ್ಷ ನಿಜವಾಗಿಯೂ ಅಲ್ಲಿ ಕಾನೂನು ಬದಲಾಗಿ ಪೊಲೀಸರ ಕೈ ಸ್ವಲ್ಪ ಬಲವಾಯಿತು. ಎರಡನೆಯದು ಬೋರು ಅಂತ ಬಹಳ ಮಂದಿ ಹೇಳ್ತಾರೆ, ನನಗೆ ಅದೇ ಇಷ್ಟ.

'ಎಕ್ಸ್‌ಟ್ರಾಆರ್ಡಿನರಿ ಅಟಾರ್ನಿ ವೂ'ದಲ್ಲಿ ಮೂವರು ಅಣ್ಣತಮ್ಮಂದಿರ ಜಾಗದ ಕೇಸು ಬರ್ತದೆ. ಅಣ್ಣಂದಿರು ಹೊಡೆದರು ಅಂತ ಕೊಟ್ಟ ಪಾಲೇ ವಾಪಸ್ ಬರ್ತದಲ್ಲ, ನಮ್ಮಲ್ಲೂ ಹಾಗೆ ಉಂಟಾ ಮಾರಾಯ್ರೇ?
(ಅಡಿಕೆ ಕೃಷಿಕರು, ಮುಳ್ಳೇರಿಯ)

ಮಾರಾಯ್ರೇ, ಮೊದಲೇ ಹೇಳಿಬಿಡ್ತೇನೆ, ಯಾರ ಹತ್ತಿರವೂ ಪೆಟ್ಟು ತಿನ್ನಲು ಹೋಗಬೇಡಿ.

ನೋಡದವರಿಗೆ ಕಥೆ ಇಷ್ಟು: ಅಪ್ಪನ ಜಾಗಕ್ಕೆ ಸರ್ಕಾರದ ಪರಿಹಾರ ಬರುತ್ತದೆ. ಇಬ್ಬರು ಅಣ್ಣಂದಿರು ಸಾಧು ತಮ್ಮನ ಮುಂದೆ ಕಾಗದ ಹಿಡಿಯುತ್ತಾರೆ, ಅವನು ಸಹಿ ಹಾಕುತ್ತಾನೆ, ಲೆಕ್ಕ ಮಾಡಿ ನೋಡಿದರೆ ಅವನಿಗೆ ಸಾಲ ಮಾತ್ರ. ಮೋಸ ಅಂತ ಸಾಬೀತು ಮಾಡಲು ಸಾಕ್ಷಿ ಇಲ್ಲ. ಆಗ ವಕೀಲೆ ವೂ ಕೊರಿಯಾದ ಸಿವಿಲ್ ಕಾನೂನಿನ ಒಂದು ಸಂದಿ ಹಿಡಿಯುತ್ತಾಳೆ. ದಾನ ಪಡೆದವನು ಕೊಟ್ಟವನ ಮೇಲೆ ಅಪರಾಧ ಎಸಗಿದರೆ ದಾನ ರದ್ದು ಮಾಡಬಹುದು ಎಂಬ ಸಂದಿ ಅದು. ಆಮೇಲೆ ಅಣ್ಣಂದಿರಿಗೆ ಸಿಟ್ಟು ಬರುವ ಹಾಗೆ ಮಾಡುವುದೊಂದೇ ಬಾಕಿ. ತಮಾಷೆಯಾಗಿ ತೆಗೆದಿದ್ದಾರೆ, ಆದರೆ ಒಳಗೆ ಹುಳಿ ಉಂಟು. ಪಾಲುಪಟ್ಟಿಯ ದಿನ ನಮ್ಮ ಕಡೆಯ ಮನೆಗಳ ಚಾವಡಿಯಲ್ಲಿ ನಡೆಯುವುದೂ ಇದೇ ಅಲ್ವಾ, "ನೀನು ಸುಮ್ನೆ ಸಹಿ ಹಾಕು, ಮತ್ತೆ ನೋಡುವ" ಅಂತ.

ನಮ್ಮ ಕಾನೂನು ಬೇರೆ. ಆಸ್ತಿ ವರ್ಗಾವಣೆ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ದಾನಪತ್ರ ಸುಲಭಕ್ಕೆ ರದ್ದಾಗುವುದಿಲ್ಲ. ಮೊದಲೇ ಒಪ್ಪಿಕೊಂಡ ಷರತ್ತು ಇರಬೇಕು, ಇಲ್ಲವೇ ಮೋಸ, ಬಲವಂತ ಅಂತ ತೋರಿಸಬೇಕು. ಎರಡು ಏಟು ಬಿತ್ತು ಎಂದರೆ ಪೊಲೀಸ್ ಕೇಸಾದೀತು, ಜಾಗ ಬಾರದು. ಆದರೆ ವಯಸ್ಸಾದವರಿಗೆ ಒಂದು ದಾರಿ ಉಂಟು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್. ನೋಡಿಕೊಳ್ಳುತ್ತೇವೆ ಎಂಬ ಷರತ್ತಿನ ಮೇಲೆ ಜಾಗ ಬರೆಸಿಕೊಂಡು ಆಮೇಲೆ ನೋಡಿಕೊಳ್ಳದಿದ್ದರೆ ಆ ಪತ್ರವನ್ನೇ ರದ್ದು ಮಾಡಿಸಬಹುದು. ನಮ್ಮ ಕೇರಳದಲ್ಲಿ ಆ ಅರ್ಜಿ ಹೋಗುವುದು ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಅವರ ಟ್ರಿಬ್ಯೂನಲ್‌ಗೆ. ಷರತ್ತನ್ನು ಪತ್ರದಲ್ಲೇ ಬರೆಸಿಟ್ಟರೆ ಗಟ್ಟಿ. ಬಾಯಿಮಾತನ್ನು ನಂಬಿ ಕೂತವರ ಪಾಡು ಧಾರಾವಾಹಿಯ ತಮ್ಮನ ಪಾಡೇ.

ಅದೇ ಧಾರಾವಾಹಿಯ ಏಳು, ಎಂಟನೇ ಕಂತು ನೋಡಿದಿರಾ? ಊರಿನ ನಡುವೆ ರಸ್ತೆ ಹಾದುಹೋಗುವ ಕೇಸು, ಗುಡ್ಡದ ಮೇಲೊಂದು ದೊಡ್ಡ ಮರ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿಯನ್ನು ಆರು ಪಥ ಮಾಡುವುದನ್ನು ನೋಡಿದ ನಮಗೆ ಅದು ಬೇರೆಯೇ ತರ ತಾಗುತ್ತದೆ. ಆ ಮರ ನಿಜವಾದದ್ದು, ಚಾಂಗ್ವಾನ್ ಎಂಬಲ್ಲಿ ಉಂಟು, ಸುಮಾರು 500 ವರ್ಷದ್ದು. ಧಾರಾವಾಹಿ ಬಂದ 2022ರಲ್ಲೇ ಅದನ್ನು ಅಲ್ಲಿನ ಸರ್ಕಾರ ನೈಸರ್ಗಿಕ ಸ್ಮಾರಕ ಅಂತ ಘೋಷಿಸಿತು. ನಮ್ಮ ಯಾವ ಧಾರಾವಾಹಿಯಿಂದ ಒಂದು ಗೇರುಮರವಾದರೂ ಉಳಿದಿದೆ ಹೇಳಿ!

ವಿನ್ಸೆಂಜೊ ನೋಡಿದ್ರಾ?
(ಉಪ್ಪಳದ ಓದುಗ)

ನೋಡಿದೆ. ಮಜಾ ಉಂಟು. ಕಾನೂನು ಇಲ್ಲ.

'ಸಿಗ್ನಲ್'ನಲ್ಲಿ ಕೊಲೆ ಕೇಸಿಗೂ ವಾಯಿದೆ ಮುಗೀತು ಅಂತಾರೆ. ಕಥೆಗೋಸ್ಕರ ಮಾಡಿದ್ದಾ?
(ಕಾಲೇಜು ವಿದ್ಯಾರ್ಥಿನಿ, ಕುಂಬಳೆ)

ಅಲ್ಲಮ್ಮ, ನಿಜ. ಕೊರಿಯಾದಲ್ಲಿ ಮೊದಲು ಕೊಲೆಗೆ ಕೇಸು ಹಾಕಲು 15 ವರ್ಷದ ವಾಯಿದೆ ಇತ್ತು, 2007ರಲ್ಲಿ 25 ಮಾಡಿದರು, 2015ರಲ್ಲಿ ಪೂರ್ತಿ ತೆಗೆದರು. ಜಪಾನಿನಲ್ಲಿ ತೆಗೆದದ್ದು 2010ರಲ್ಲಿ. ಅದಕ್ಕೇ ಆ ಎರಡು ದೇಶಗಳ ಹಳೆಯ ಕಥೆಗಳಲ್ಲಿ ಗಡಿಯಾರ ತೋರಿಸಿ ತೋರಿಸಿ ನಮ್ಮ ಎದೆ ಹೊಡೆಸುವುದು. 'ಸಿಗ್ನಲ್' ಬಂದದ್ದು 2016ರಲ್ಲಿ. ಅದಕ್ಕೆ ಪ್ರೇರಣೆಯಾದ ಹ್ವಾಸಾಂಗ್ ಸರಣಿ ಕೊಲೆಗಳು 1986ರಿಂದ 1991ರವರೆಗೆ ನಡೆದವು. ಕೊನೆಯದರ ವಾಯಿದೆ 2006ರಲ್ಲೇ ಮುಗಿಯಿತು. 2019ರಲ್ಲಿ ಡಿಎನ್‌ಎ ಮೂಲಕ ಆಸಾಮಿ ಯಾರೆಂದು ಗೊತ್ತಾಯಿತು. ಅವನು ಬೇರೊಂದು ಕೊಲೆಗೆ ಆಗಲೇ ಜೈಲಿನಲ್ಲಿದ್ದ, ಆದರೆ ಈ ಕೊಲೆಗಳಿಗೆ ಅವನ ಮೇಲೆ ಕೇಸು ಹಾಕಲು ಆಗಲಿಲ್ಲ. ಧಾರಾವಾಹಿಯಲ್ಲಿ ಹಳೆಯ ವಾಕಿಟಾಕಿಯಲ್ಲಿ ಸತ್ತವನ ಜೊತೆ ಮಾತಾಡುವುದು ಕಟ್ಟುಕಥೆ, ಆದರೂ ನನಗೆ ನಂಬಲು ಕಷ್ಟವಾದದ್ದು ಈ ವಾಯಿದೆಯೇ. ನಮ್ಮ ದೇಶದಲ್ಲಿ ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ ಗಡುವು. ಕೊಲೆಗೆ ಇಲ್ಲ.

ಜಪಾನಿನ ವಕೀಲರ ಧಾರಾವಾಹಿಗಳಲ್ಲಿ ಕೇಸು ಗೆದ್ದರೆ ಹಬ್ಬ ಮಾಡ್ತಾರಲ್ಲ, ಅಷ್ಟು ದೊಡ್ಡ ವಿಷಯವಾ?
(ಮಂಜೇಶ್ವರದಿಂದ)

ಅಲ್ಲಿ ದೊಡ್ಡದೇ. ಗೆಲ್ಲುವ ಭರವಸೆ ಇರುವ ಕೇಸನ್ನು ಮಾತ್ರ ಅಲ್ಲಿನ ಪ್ರಾಸಿಕ್ಯೂಟರುಗಳು ಕೋರ್ಟಿಗೆ ತರುವುದು, ಹಾಗಾಗಿ ನೂರರಲ್ಲಿ 99ಕ್ಕಿಂತ ಹೆಚ್ಚು ಕೇಸುಗಳಲ್ಲಿ ಶಿಕ್ಷೆಯೇ. 2016ರ '99.9' ಎಂಬ ಧಾರಾವಾಹಿಯ ಹೆಸರೇ ಅದು. ನಮ್ಮ ಕೋರ್ಟುಗಳಲ್ಲಿ ಖುಲಾಸೆ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ, ಅದಕ್ಕೇ ನಮ್ಮವರು ಸಾಕ್ಷಿ ಬಿಟ್ಟು ಕಿರುಚಾಟವನ್ನೇ ಬರೆಯುವುದು ಅಂತ ನನ್ನ ಗುಮಾನಿ.

'ಜುವೆನೈಲ್ ಜಸ್ಟಿಸ್' ಅನ್ನು ಹೈಸ್ಕೂಲು ಮಕ್ಕಳಿಗೆ ತೋರಿಸಬಹುದಾ?
(ನಿವೃತ್ತ ಮಾಷ್ಟ್ರು, ಪೆರ್ಲ)

ಮಾಷ್ಟ್ರೇ, ಮೊದಲ ಕಂತೇ ಸಣ್ಣ ಮಗುವಿನ ಕೊಲೆ, ನೋಡಲು ಸಂಕಟವಾಗುತ್ತದೆ. ನೀವು ಮೊದಲು ನೋಡಿ. ಹತ್ತೇ ಕಂತು. ಕೊರಿಯಾದಲ್ಲಿ 14 ತುಂಬದ ಮಕ್ಕಳಿಗೆ ಜೈಲುಶಿಕ್ಷೆ ಇಲ್ಲ, ಅದು ಗೊತ್ತಿದ್ದೇ ಹುಡುಗನೊಬ್ಬ ಕೋರ್ಟಿನಲ್ಲಿ ನಗುತ್ತಾನೆ. ನಮ್ಮ 2015ರ ಕಾಯ್ದೆಯಲ್ಲಿ 16ರಿಂದ 18ರೊಳಗಿನವರು ಘೋರ ಅಪರಾಧ ಮಾಡಿದರೆ ದೊಡ್ಡವರಂತೆ ವಿಚಾರಣೆ ನಡೆಸಬಹುದು, ಬಾಲನ್ಯಾಯ ಮಂಡಳಿ ಪರಿಶೀಲಿಸಿದ ಮೇಲೆ. ಮಕ್ಕಳ ಜೊತೆ ಚರ್ಚೆಗೆ ವಿಷಯ ಬೇಕಾದಷ್ಟು ಉಂಟು. ಆದರೆ ಹತ್ತನೇ ಕ್ಲಾಸಿನವರಿಗೆ ಬೇಡ, ಪ್ಲಸ್ ಟೂದವರಿಗೆ ಸರಿ, ಅದೂ ನೀವು ಪಕ್ಕದಲ್ಲಿ ಕೂತಿದ್ದರೆ.