ಓದುಗರ ಪ್ರಶ್ನೆ: ಮನಸ್ಸು, ಕೈ ಮತ್ತು ಮೌಸ್

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ಬಿ.ಇ. ಮೂರನೇ ವರ್ಷದಲ್ಲಿದ್ದೇನೆ. ಕೋಡ್ ಬರೆಯುವುದು ಇಷ್ಟ. ಆದರೆ ಜನ ಹೇಗೆ ಯೋಚಿಸುತ್ತಾರೆ, ಯಾಕೆ ತಪ್ಪುತ್ತಾರೆ ಅನ್ನೋದು ಅದಕ್ಕಿಂತ ಜಾಸ್ತಿ ಇಷ್ಟ. ಎರಡು ದೋಣಿಯ ಮೇಲೆ ಕಾಲಿಡಬೇಡ ಅಂತ ಮನೆಯಲ್ಲಿ ಹೇಳುತ್ತಾರೆ. ಎರಡನ್ನೂ ಸೇರಿಸಿ ಸಂಶೋಧನೆ ಮಾಡಿದವರು ಯಾರಾದರೂ ಇದ್ದಾರಾ?
- ವಿದ್ಯಾರ್ಥಿನಿ, ಶಿರಸಿ

ಉತ್ತರ: ಇದ್ದಾರೆ. ಸ್ಟುವರ್ಟ್ ಕಾರ್ಡ್ ಅವರ ವಿಷಯ ಹೇಳುತ್ತೇನೆ. ನಾನು ಈ ಕೆಲಸಕ್ಕೆ ಬಂದಿದ್ದೇ ಅವರ ಬರಹ ಓದಿ.

ಕಾರ್ಡ್ ಓದಿದ್ದು ಅಮೆರಿಕದ ಓಬರ್ಲಿನ್ ಕಾಲೇಜಿನಲ್ಲಿ, ಭೌತವಿಜ್ಞಾನ. ಆಮೇಲೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನದ ಪಿಎಚ್.ಡಿ. ಜೊತೆಜೊತೆಗೇ ಕಂಪ್ಯೂಟರ್ ವಿಜ್ಞಾನವನ್ನೂ ಕಲಿತರು. ಅಲ್ಲಿ ಅಲನ್ ನ್ಯೂವೆಲ್ ಇದ್ದರು. ಮನುಷ್ಯ ಲೆಕ್ಕ ಬಿಡಿಸುವಾಗ, ಚೆಸ್ ಆಡುವಾಗ ತಲೆಯೊಳಗೆ ಏನು ನಡೆಯುತ್ತದೆ ಅನ್ನೋದನ್ನು ಪ್ರೋಗ್ರಾಮ್ ಬರೆದು ತೋರಿಸಲು ಹೊರಟವರು ಅವರು. 1974ರಲ್ಲಿ ಕಾರ್ಡ್ ಮತ್ತು ಟಾಮ್ ಮೊರಾನ್ ಕ್ಯಾಲಿಫೋರ್ನಿಯಾದಲ್ಲಿ ಜೆರಾಕ್ಸ್ ಕಂಪನಿಯ 'ಪಾರ್ಕ್' (ಪಾಲೊ ಆಲ್ಟೊ ಸಂಶೋಧನಾ ಕೇಂದ್ರ) ಪ್ರಯೋಗಾಲಯ ಸೇರಿದರು. ನ್ಯೂವೆಲ್ ಸಲಹೆಗಾರರಾಗಿ ಜೊತೆಗಿದ್ದರು. ಕಂಪ್ಯೂಟರ್ ಮುಂದೆ ಕೂತ ಮನುಷ್ಯನ ಬಗ್ಗೆ ಮನೋವಿಜ್ಞಾನ ಮೊದಲೇ ಲೆಕ್ಕ ಹಾಕಿ ಹೇಳಬಲ್ಲುದೇ? ಅವರ ಪ್ರಶ್ನೆ ಇದು.

ಕಾರ್ಡ್ ಅವರ ಮೊದಲ ದೊಡ್ಡ ಕೆಲಸ ಮೌಸ್ ಮೇಲೆ. ಮೌಸ್ ಅವರು ಕಂಡುಹಿಡಿದದ್ದಲ್ಲ. ಡಗ್ಲಸ್ ಎಂಗಲ್‌ಬಾರ್ಟ್ ಕಲ್ಪಿಸಿದ್ದು, ಬಿಲ್ ಇಂಗ್ಲಿಷ್ ಮಾಡಿಕೊಟ್ಟದ್ದು. ಆದರೆ ಅದೇ ಒಳ್ಳೆಯ ಸಾಧನವಾ, ಜಾಯ್‌ಸ್ಟಿಕ್ ಅಥವಾ ಬಾಣದ ಕೀಲಿಗಳು ಸಾಲದಾ ಅನ್ನೋ ಪ್ರಶ್ನೆಗೆ ಆಗ ಗಟ್ಟಿ ಉತ್ತರ ಇರಲಿಲ್ಲ. ಕಾರ್ಡ್, ಬಿಲ್ ಇಂಗ್ಲಿಷ್ ಮತ್ತು ಬೆಟ್ಟಿ ಬರ್ ಮೂವರೂ ಸೇರಿ ಈ ಸಾಧನಗಳನ್ನು ಜನರ ಕೈಗೆ ಕೊಟ್ಟು, ಪರದೆಯ ಮೇಲಿನ ಪದ ಆರಿಸಲು ಎಷ್ಟು ಹೊತ್ತು ಹಿಡಿಯುತ್ತದೆ, ಎಷ್ಟು ತಪ್ಪಾಗುತ್ತದೆ ಅಂತ ಅಳೆದರು. 1978ರಲ್ಲಿ ಪ್ರಕಟಿಸಿದರು. ಗೆದ್ದದ್ದು ಮೌಸ್.

ಬರೀ 'ಗೆದ್ದಿತು' ಅಂದಿದ್ದರೆ ಅದೊಂದು ಸ್ಪರ್ಧೆಯ ವರದಿ ಆಗುತ್ತಿತ್ತು. ಕಾರ್ಡ್ ಅಲ್ಲಿಗೆ ನಿಲ್ಲಲಿಲ್ಲ, ಯಾಕೆ ಅಂತ ಕೇಳಿದರು. ಪಾಲ್ ಫಿಟ್ಸ್ ಅನ್ನುವ ಮನೋವಿಜ್ಞಾನಿ 1954ರಲ್ಲಿ ಒಂದು ನಿಯಮ ಕೊಟ್ಟಿದ್ದರು. ಗುರಿ ದೂರವಾದಷ್ಟೂ, ಚಿಕ್ಕದಾದಷ್ಟೂ ಕೈ ಅಲ್ಲಿಗೆ ತಲುಪಲು ಹೆಚ್ಚು ಹೊತ್ತು ಬೇಕು. ಎಷ್ಟು ಹೆಚ್ಚು ಅನ್ನೋದಕ್ಕೆ ಸೂತ್ರ ಇದೆ. ಮೌಸಿನ ಅಂಕಿಗಳು ಆ ಸೂತ್ರಕ್ಕೆ ಹೊಂದಿದವು. ಅಷ್ಟೇ ಅಲ್ಲ, ಬರಿಗೈಯಲ್ಲಿ ಗುರಿ ಮುಟ್ಟುವ ವೇಗಕ್ಕೂ ಮೌಸಿನ ವೇಗಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಅಂದರೆ ತಡೆ ಇರುವುದು ಸಾಧನದಲ್ಲಲ್ಲ, ನಮ್ಮ ಕಣ್ಣು-ಕೈ ಹೊಂದಾಣಿಕೆಯಲ್ಲೇ. ಇನ್ನೂ ಎಷ್ಟೇ ಜಾಣತನದ ಸಾಧನ ತಂದರೂ ವೇಗದಲ್ಲಿ ದೊಡ್ಡ ಲಾಭ ಸಿಗದು ಅಂತ ಧೈರ್ಯವಾಗಿ ಹೇಳಬಹುದಾಯಿತು. 1981ರಲ್ಲಿ ಜೆರಾಕ್ಸ್ 'ಸ್ಟಾರ್' ಕಂಪ್ಯೂಟರ್ ಮೌಸ್ ಜೊತೆಗೇ ಮಾರುಕಟ್ಟೆಗೆ ಬಂತು.

ಆಮೇಲೆ ಕಾರ್ಡ್, ಮೊರಾನ್, ನ್ಯೂವೆಲ್ ಮೂವರೂ ಇನ್ನೂ ಚಿಕ್ಕ ಕೆಲಸಗಳಿಗೆ ಇಳಿದರು. ಒಂದು ಕೀಲಿ ಒತ್ತಲು ಸಾಧಾರಣ ಟೈಪ್ ಬಲ್ಲವರಿಗೆ 0.28 ಸೆಕೆಂಡ್. ಮೌಸಿನಿಂದ ಗುರಿ ತೋರಲು 1.1. ಕೀಬೋರ್ಡಿನಿಂದ ಮೌಸಿಗೆ ಕೈ ಹೋಗಲು 0.4. 'ಮುಂದೇನು' ಅಂತ ಮನಸ್ಸು ತಯಾರಾಗಲು 1.35. ಇವನ್ನು ಕೂಡಿಸಿದರೆ, ಸಾಫ್ಟ್‌ವೇರ್ ಕಟ್ಟುವ ಮೊದಲೇ ಒಂದು ಕೆಲಸಕ್ಕೆ ಎಷ್ಟು ಹೊತ್ತಾಗುತ್ತದೆ ಅಂತ ಅಂದಾಜು ಸಿಗುತ್ತದೆ.

ನಮ್ಮ ಭಾಷೆಯ ಮೇಲೇ ಪ್ರಯೋಗಿಸಿ ನೋಡಿ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ 'ಕನ್ನಡ' ಅಂತ ಬರೆಯಲು ಐದು ಒತ್ತು: ಕ, ನ, ಒತ್ತಕ್ಷರದ ಕೀಲಿ, ನ, ಡ. ಸುಮಾರು 1.4 ಸೆಕೆಂಡ್. ಇಂಗ್ಲಿಷ್ ಸ್ಪೆಲಿಂಗಿನಂತೆ ಪ್ರತಿ ಸ್ವರವನ್ನೂ ಒತ್ತುವ ಪದ್ಧತಿಯಲ್ಲಿ ಶಿಫ್ಟ್ ಸೇರಿ ಎಂಟು ಒತ್ತು, 2.24 ಸೆಕೆಂಡ್. ದಿನವಿಡೀ ಪುಟಗಟ್ಟಲೆ ಟೈಪ್ ಮಾಡುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಆದರೆ ಈ ಲೆಕ್ಕ ಕೈ ಪಳಗಿದವರಿಗೆ ಮಾತ್ರ. ಹೊಸಬರು ಕಲಿಯಲು ಪಡುವ ಪಾಡು ಇದರಲ್ಲಿ ಕಾಣಿಸುವುದಿಲ್ಲ, ಅದನ್ನು ಬೇರೆಯೇ ನೋಡಬೇಕು.

ನಾನೂ ಇದೇ ಲೆಕ್ಕವನ್ನು ಒಂದು ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಬಳಸಿದ್ದೇನೆ. ಹುಟ್ಟಿದ ದಿನ, ತಿಂಗಳು, ವರ್ಷಕ್ಕೆ ಮೂರು ಪಟ್ಟಿಗಳು, ಮೂರಕ್ಕೂ ಮೌಸ್. ಕೌಂಟರಿನ ಹುಡುಗಿ ಪ್ರತಿ ರೋಗಿಗೂ ಕೈ ಎತ್ತಿ ಇಡುತ್ತಿದ್ದಳು. 'ಅವಳು ನಿಧಾನ' ಅಂತ ಮೇಲ್ವಿಚಾರಕರ ದೂರು. ಕೂಡಿಸಿ ತೋರಿಸಿದ ಮೇಲೆ ಅಂಕಿಗಳನ್ನು ನೇರವಾಗಿ ಟೈಪ್ ಮಾಡುವ ಒಂದೇ ಜಾಗ ಬಂತು. ಆ ಹುಡುಗಿಯ ಮೇಲಿನ ದೂರು ನಿಂತಿತು. ನನಗೆ ಈ ವಿದ್ಯೆಯ ಮೇಲೆ ಪ್ರೀತಿ ಇರುವುದು ಇದಕ್ಕೇ. ಕೆಲಸ ಮಾಡುವವರ ಪರವಾಗಿ ಇದು ಅಂಕಿಯಲ್ಲಿ ಮಾತಾಡುತ್ತದೆ.

ಬಾನಿ ಜಾನ್ ಅವರ ಬಗ್ಗೆಯೂ ತಿಳಿದುಕೊಳ್ಳಿ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ ಮಾಡಿ, ಆಮೇಲೆ ಕಾರ್ನೆಗಿ ಮೆಲನ್‌ನಲ್ಲಿ ಮನೋವಿಜ್ಞಾನಕ್ಕೆ ಬಂದವರು. ಒಂದು ದೂರವಾಣಿ ಕಂಪನಿ ತನ್ನ ಆಪರೇಟರುಗಳಿಗೆ ಹೊಸ ಯಂತ್ರ ಕೊಳ್ಳಲು ಹೊರಟಿತ್ತು. ಅದು ವೇಗವಾಗಿರುತ್ತದೆ ಅಂತ ಎಲ್ಲರ ನಂಬಿಕೆ. ವೇನ್ ಗ್ರೇ, ಬಾನಿ ಜಾನ್, ಮೈಕಲ್ ಆಟ್‌ವುಡ್ ಲೆಕ್ಕ ಹಾಕಿ 'ಇಲ್ಲ, ನಿಧಾನವಾಗುತ್ತದೆ' ಅಂದರು. ಹೊಸ ಯಂತ್ರದಲ್ಲಿ ಕಡಿಮೆಯಾದ ಒತ್ತುಗಳೆಲ್ಲ ಗ್ರಾಹಕರು ಮಾತಾಡುತ್ತಿರುವಾಗಿನವು, ಆಪರೇಟರ್ ಹೇಗೂ ಕಾಯುವ ಹೊತ್ತಿನವು. ಹೊಸದಾಗಿ ಸೇರಿದ ಒತ್ತು ಮಾತ್ರ ಕರೆ ಅದಕ್ಕಾಗಿಯೇ ಕಾಯಬೇಕಾದ ಜಾಗದಲ್ಲಿತ್ತು. ನಿಜವಾದ ಕರೆಗಳನ್ನು ಅಳೆದಾಗ ಅವರ ಮಾತೇ ನಿಜವಾಯಿತು. 1993ರಲ್ಲಿ ಇದು ಪ್ರಕಟವಾಯಿತು.

ಕಾರ್ಡ್ ಮುಂದೆ ಪೀಟರ್ ಪಿರೋಲ್ಲಿ ಜೊತೆ ಇನ್ನೊಂದು ದಾರಿ ಹಿಡಿದರು. ಪ್ರಾಣಿಗಳು ಆಹಾರ ಹುಡುಕುವ ಬಗ್ಗೆ ಜೀವವಿಜ್ಞಾನಿಗಳು ಕಟ್ಟಿದ ಸಿದ್ಧಾಂತವನ್ನು ನಾವು ಮಾಹಿತಿ ಹುಡುಕುವ ರೀತಿಗೆ ಅನ್ವಯಿಸಿದರು. ಲಿಂಕಿನ ಪದಗಳಲ್ಲಿ 'ವಾಸನೆ' ಸಿಕ್ಕರೆ ಮುಂದೆ ಹೋಗುತ್ತೇವೆ, ಸಿಗದಿದ್ದರೆ ಜಾಗ ಬಿಡುತ್ತೇವೆ. ಭೌತವಿಜ್ಞಾನ, ಮನೋವಿಜ್ಞಾನ, ಕಂಪ್ಯೂಟರ್, ಜೀವವಿಜ್ಞಾನ, ಎಲ್ಲವೂ ಒಬ್ಬರ ವೃತ್ತಿಯಲ್ಲೇ ಬಂದುವು. ಮನೆಯವರಿಗೆ ಇದನ್ನು ಓದಿ ಹೇಳಿ.

ಪ್ರಶ್ನೆ: ಮನುಷ್ಯ ಕಂಪ್ಯೂಟರ್ ಬಳಸುವ ರೀತಿಯನ್ನು ಅಧ್ಯಯನ ಮಾಡುವ ಈ ವಿಷಯ ಭಾರತದಲ್ಲಿ ಎಲ್ಲಿ ಕಲಿಯಬಹುದು?
- ಉಪನ್ಯಾಸಕರು, ದಾವಣಗೆರೆ

ಉತ್ತರ: ವಿನ್ಯಾಸದ ಕಡೆಯಿಂದ ಬರುವವರಿಗೆ ಐಐಟಿ ಬಾಂಬೆಯ ವಿನ್ಯಾಸ ಶಾಲೆ ಐಡಿಸಿ. ಮನಸ್ಸಿನ ಕಡೆಯಿಂದಾದರೆ ಐಐಟಿ ಕಾನ್ಪುರ, ಐಐಟಿ ಗಾಂಧಿನಗರ, ಅಲಹಾಬಾದ್ ವಿಶ್ವವಿದ್ಯಾಲಯ. ಬೆಂಗಳೂರಿನ ಐಐಎಸ್ಸಿಯಲ್ಲೂ ಕೆಲಸ ನಡೆದಿದೆ. ಕೈಕಾಲು ಆಡದವರು ಕಣ್ಣಿನ ನೋಟದಿಂದಲೇ ಕಂಪ್ಯೂಟರ್ ನಡೆಸುವಂತೆ ಮಾಡುವ ಸಂಶೋಧನೆ ಅದು. ವಿದ್ಯಾರ್ಥಿಗಳು ಸಂಖ್ಯಾಶಾಸ್ತ್ರ ಗಟ್ಟಿ ಮಾಡಿಕೊಂಡು ಹೋಗಲಿ.

ಪ್ರಶ್ನೆ: ಅಮ್ಮ ಎಟಿಎಂನಲ್ಲಿ ದುಡ್ಡು ತೆಗೆದುಕೊಂಡು ಕಾರ್ಡ್ ಅಲ್ಲೇ ಬಿಟ್ಟು ಬಂದರು. ವಯಸ್ಸಿನ ಮರೆವಾ?
- ಓದುಗರು, ಮಂಡ್ಯ

ಉತ್ತರ: ಇದೊಂದರಿಂದ ಹಾಗೆ ಹೇಳಬೇಡಿ. ಇದು ಎಲ್ಲ ವಯಸ್ಸಿನವರೂ ಮಾಡುವ ತಪ್ಪು. ಹೋಗಿದ್ದು ದುಡ್ಡಿಗೆ, ದುಡ್ಡು ಸಿಕ್ಕಿತು. ಗುರಿ ಮುಗಿದ ಕೂಡಲೇ ಉಳಿದ ಸಣ್ಣ ಕೆಲಸ ಮನಸ್ಸಿನಿಂದ ಜಾರುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆದುಕೊಂಡು ಮೂಲ ಕಾಗದ ಗಾಜಿನ ಮೇಲೇ ಬಿಡುವುದೂ ಇದೇ. ಮೈಕಲ್ ಬರ್ನ್ ಮತ್ತು ಸೂಸನ್ ಬೊವೈರ್ 1997ರಲ್ಲಿ ಇದರ ಅಧ್ಯಯನ ಪ್ರಕಟಿಸಿದರು. ನೆನಪಿನ ಮೇಲೆ ಬೇರೆ ಭಾರ ಇದ್ದಾಗ ಈ ತಪ್ಪು ಹೆಚ್ಚುತ್ತದೆ ಅಂತ ಕಂಡುಕೊಂಡರು. ಅಮ್ಮನಿಗೆ ಕಾರ್ಡ್ ಮೊದಲು ಕೊಟ್ಟು ಆಮೇಲೆ ದುಡ್ಡು ಕೊಡುವ ಯಂತ್ರ ಹತ್ತಿರದಲ್ಲಿ ಎಲ್ಲಿದೆ ನೋಡಿ, ಅಲ್ಲಿಗೇ ಕರೆದುಕೊಂಡು ಹೋಗಿ. ಬಿಟ್ಟು ಬಂದ ಕಾರ್ಡನ್ನು ಇನ್ನೂ ಬ್ಲಾಕ್ ಮಾಡಿಸಿಲ್ಲದಿದ್ದರೆ ಇವತ್ತೇ ಮಾಡಿಸಿ.